ಎಂಟು ಬೋಲ್ಟಿನ ಮುಚ್ಚಳ

ಕೋಳಿ ಕಾವಿಗೆ ಕೂತಿದ್ದ ತಗಡು ತಾನೇ ಮಾಡಿದ್ದೆಂದು ಕುಪ್ಪುಸ್ವಾಮಿಗೆ ಮೊದಲು ಗುರುತು ಹತ್ತಲಿಲ್ಲ. ಬೂದಿಕೋಟೆಯಲ್ಲಿ ಬಸ್ಸಿಳಿದು, ಧೂಳು ತುಳಿದುಕೊಂಡು ದೊಡ್ಡವೆಂಕಟಪ್ಪನ ಮನೆಗೆ ಬಂದವನು ಕಾಲು ತೊಳೆಯಲೆಂದು ಕೊಟ್ಟಿಗೆಯ ಹಿಂದಕ್ಕೆ ಹೋಗಿದ್ದ. ಬೂದಿಗುಡ್ಡೆಗೂ ಗೋಡೆಗೂ ನಡುವೆ ಉದ್ದನೆಯ ತಗಡೊಂದು ತೊಟ್ಟಿಯಂತೆ ಅಂಗಾತ ಬಿದ್ದಿತ್ತು. ಅದರೊಳಗೆ ಹುಲ್ಲು ಹಾಸಿ, ಬಿಸಿಲು ತಾಗದಂತೆ ಮೇಲೊಂದು ಹರಕು ಗೋಣಿ ಇಳಿಬಿಟ್ಟಿದ್ದರು. ಕೆಂಪು ಹೇಂಟೆಯೊಂದು ಕುತ್ತಿಗೆಯ ಪುಕ್ಕ ಕೆದರಿಕೊಂಡು ಅವನನ್ನೇ ದುರುಗುಟ್ಟಿ ನೋಡುತ್ತಿತ್ತು. ಒಳ್ಳೆ ಜಾಗ ಹುಡುಕಿಕೊಂಡಿದೆ ಅಂದುಕೊಳ್ಳುತ್ತಿದ್ದಂತೆ ಅವನಿಗೆ ತಗಡಿನ ಅಂಚಿನ ಹಸಿರು ಬಣ್ಣ ಕಂಡಿತು. ಆಮೇಲೆ ಒಂದೇ ಅಳತೆಗೆ ಕೊರೆದಿದ್ದ ತೂತುಗಳ ಸಾಲು ಕಂಡಿತು. ಕೈಯಲ್ಲಿದ್ದ ಚೊಂಬಿನ ನೀರು ಕಾಲಿಗೆ ಬೀಳದೆ ನೆಲಕ್ಕೆ ಸುರಿಯಿತು.

"ನೀರು ಸಾಕೇನಣ್ಣ?" ಎನ್ನುತ್ತ ಹಿತ್ತಿಲ ಬಾಗಿಲಿಗೆ ಬಂದ ದೊಡ್ಡವೆಂಕಟಪ್ಪನ ಹೆಂಡತಿ ಮುನಿಶಾಮಮ್ಮ ಅವನ ನೋಟ ಎಲ್ಲಿ ನಿಂತಿದೆಯೆಂದು ಕಂಡು ಹೊಸಿಲಲ್ಲೇ ನಿಂತಳು.

"ಇದು ನಮ್ಮ ಗಾರ್ಡು ತಾನೇಮ್ಮಾ?"

"ಮೊನ್ನೆ ತಾನೆ ಬಿಚ್ಚಿದ್ದು ಕಣಣ್ಣ. ತೊಳ್ದು ಮತ್ತೆ ಆಕಾನ ಅಂತ ಇಂದಕ್ಕೆ ತಂದಿಟ್ರು. ಅಷ್ಟ್ರಾಗೆ ಈ ಮುಂಡೇದು ಬಂದು ಕೂತ್ಕಂಬಿಡ್ತು."

ಅವಳ ಮಾತು ಮುಗಿಯುವುದಕ್ಕೂ ಹೇಂಟೆಯ ರೆಕ್ಕೆಯಡಿಯಿಂದ ಕಿಚ್ ಎಂದು ಸಣ್ಣ ದನಿ ಬರುವುದಕ್ಕೂ ಸರಿಹೋಯಿತು. ಒಂದಲ್ಲ, ಎರಡು ಮೂರು. ನಂದಿದುರ್ಗ ಗಣಿಯ ಕೆಲಸಗಾರರ ಲೈನಿನಲ್ಲಿ ಕುಪ್ಪುಸ್ವಾಮಿಯ ಹೆಂಡತಿ ಮಾರಿಯಮ್ಮನೂ ಕೋಳಿ ಸಾಕಿದವಳೇ. ಕಾವಿಗೆ ಕೂತ ಕೋಳಿ ಮರಿ ಮಾಡುವುದಕ್ಕೆ ಎಷ್ಟು ವಾರ ಬೇಕೆಂದು ಅವನಿಗೆ ಗೊತ್ತಿತ್ತು.

"ಮೊನ್ನೆ ಕೂತ ಕೋಳಿಗೆ ಇವತ್ತು ಮರಿ ಆಗೋಯ್ತಾ ತಂಗಚ್ಚಿ?" ಅಂದ.

ಮುನಿಶಾಮಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ತಡೆಯಲು ನೋಡಿದರೂ ನಗು ಕಣ್ಣಿನಲ್ಲಿ ಉಕ್ಕಿಬಿಟ್ಟಿತು. ಅಣ್ಣನೂ ನಗುತ್ತಾನೆಂದು ಅವಳು ಕಾದಳು. ಕುಪ್ಪುಸ್ವಾಮಿ ನಗಲಿಲ್ಲ. ಉಳಿದ ನೀರನ್ನು ಕಾಲಿಗೆ ಹುಯ್ದುಕೊಂಡು, ಚೊಂಬು ಬೋರಲು ಹಾಕಿ, ಅವಳ ಪಕ್ಕದಿಂದಲೇ ಒಳಗೆ ಹೋದ.

ಅವಳು ಅವನಿಗೆ ರಕ್ತಸಂಬಂಧದ ತಂಗಿಯಲ್ಲ. ಮದುವೆಯಾದ ಹೊಸತರಲ್ಲಿ ಮುನಿಶಾಮಮ್ಮ ಮೊಸರಿನ ಕುಡಿಕೆ ಹೊತ್ತು ಕೋಲಾರ ಚಿನ್ನದ ಗಣಿಯ ಲೈನುಗಳಿಗೆ ಬರುತ್ತಿದ್ದಳು. ಆಗ ಮಾರಿಯಮ್ಮ ಮೊದಲ ಮಗಳನ್ನು ಹೆತ್ತು, ಎದೆಯಲ್ಲಿ ಹಾಲಿಲ್ಲದೆ, ಜ್ವರ ಹತ್ತಿ ಮಲಗಿದ್ದಳು. ಮುನಿಶಾಮಮ್ಮ ಮೊಸರು ಮಾರುವುದನ್ನು ಬಿಟ್ಟು ದಿನಾ ಹಸುವಿನ ಹಾಲು ತಂದು, ಕಾಯಿಸಿ, ಬತ್ತಿ ಅದ್ದಿ ಆ ಕೂಸಿನ ಬಾಯಿಗೆ ಹಿಂಡಿ ಹೋಗುತ್ತಿದ್ದಳು. ಒಬ್ಬಳಿಗೆ ತಮಿಳು ಬಾರದು, ಇನ್ನೊಬ್ಬಳಿಗೆ ಕನ್ನಡ ಬಾರದು. ಆದರೂ ಇಬ್ಬರೂ ಗಂಟೆಗಟ್ಟಲೆ ಮಾತಾಡುತ್ತಿದ್ದರು. ಆ ಮಗಳು ಬೆಳೆದು ಮದುವೆಯಾಗಿ ಗುಡಿಯಾತ್ತಂ ಸೇರಿದ್ದಾಳೆ. ಅಂದಿನಿಂದ ಕುಪ್ಪುಸ್ವಾಮಿಗೆ ಬೂದಿಕೋಟೆಯಲ್ಲಿ ಒಬ್ಬ ತಂಗಿ, ಮುನಿಶಾಮಮ್ಮನಿಗೆ ನಂದಿದುರ್ಗದಲ್ಲಿ ಒಂದು ತವರು.

ಮಾರ್ಕಂಡೇಯ ಕೆರೆಯ ನೀರು ಹಾಯುವ ಜಮೀನಿನಲ್ಲಿ ದೊಡ್ಡವೆಂಕಟಪ್ಪ ಕಬ್ಬು ಇಟ್ಟ. ಆಮೇಲೆ ಪುಂಗನೂರಿನ ಕಡೆಯಿಂದ ಒಂದು ಹಳೆಯ ಟ್ರಾಕ್ಟರು ತಂದ. ಎತ್ತು ಸುತ್ತುತ್ತಿದ್ದ ಗಾಣ ಹೋಗಿ ಟ್ರಾಕ್ಟರಿನಿಂದ ತಿರುಗುವ ಗಾಣ ಬಂತು. ಟ್ರಾಕ್ಟರಿನ ಬೆನ್ನಿನಿಂದ ಗಾಣದವರೆಗೆ ಒಂದು ಕಬ್ಬಿಣದ ಶಾಫ್ಟು, ಅದರ ಎರಡು ತುದಿಗೂ ಕೀಲು. ಎಂಜಿನ್ ಓಡಿತೆಂದರೆ ಶಾಫ್ಟು ಮೊಣಕಾಲೆತ್ತರದಲ್ಲಿ ಗಿರ್ರನೆ ತಿರುಗುತ್ತಿತ್ತು. ಎಷ್ಟು ಜೋರಾಗಿ ತಿರುಗುತ್ತಿತ್ತೆಂದರೆ, ನೋಡುವವರಿಗೆ ಅದು ಸುಮ್ಮನೆ ನಿಂತಂತೆ ಕಾಣುತ್ತಿತ್ತು. ಆಲೆಮನೆಯ ಹೆಣ್ಣಾಳುಗಳು ಕಬ್ಬಿನ ಹೊರೆ ಹೊತ್ತು ಅದನ್ನು ದಾಟಿಕೊಂಡೇ ಓಡಾಡುತ್ತಿದ್ದರು.

ಹೋದ ವರ್ಷ ಕಬ್ಬು ಅರೆಯುವಾಗ ಕುಪ್ಪುಸ್ವಾಮಿಯೂ ಮಾರಿಯಮ್ಮನೂ ಅಲ್ಲೇ ಇದ್ದರು. ಮುನಿಶಾಮಮ್ಮ ಬಿದ್ದಿದ್ದ ಜಲ್ಲೆ ಎತ್ತಲು ಬಗ್ಗಿದಳು. ಸೆರಗಿನ ತುದಿ ಗಾಳಿಗೆ ಹಾರಿ ಶಾಫ್ಟಿನ ಕೀಲಿಗೆ ತಾಗಿತು. ತಾಗಿದ್ದು ಯಾರ ಕಣ್ಣಿಗೂ ಬೀಳಲಿಲ್ಲ, ಅವಳು ಮುಗ್ಗರಿಸಿದ್ದು ಮಾತ್ರ ಕಂಡಿತು. ಸೀರೆ ತೀರ ಹಳೆಯದಾಗಿದ್ದರಿಂದ ಪರ್ರನೆ ಹರಿಯಿತು. ಟ್ರಾಕ್ಟರಿನ ಮೇಲಿದ್ದ ಅವಳ ಮೈದುನ ಸೊಣ್ಣಪ್ಪ ಕ್ಲಚ್ಚು ತುಳಿಯುವ ಹೊತ್ತಿಗೆ ಅರ್ಧ ಸೀರೆ ಕದಿರಿಗೆ ನೂಲು ಸುತ್ತಿದಂತೆ ಶಾಫ್ಟಿಗೆ ಸುತ್ತಿಕೊಂಡಿತ್ತು. ಅವಳ ಭುಜದ ಮೇಲೆ ಬರೆ ಹಾಕಿದ ಹಾಗೆ ಒಂದು ಗೆರೆ ಎದ್ದಿತ್ತು, ಅಷ್ಟೇ. ಮಾರಿಯಮ್ಮ ತನ್ನ ಸೆರಗಿನಲ್ಲಿ ಅವಳನ್ನು ಸುತ್ತಿ ಮನೆಗೆ ಕರೆದೊಯ್ದಳು. ಸಂಜೆಗೆ ಎಲ್ಲರೂ ಅದನ್ನೇ ಹೇಳಿಕೊಂಡು ನಕ್ಕರು. ಮುನಿಶಾಮಮ್ಮನೇ ಎಲ್ಲರಿಗಿಂತ ಹೆಚ್ಚು ನಕ್ಕಳು.

ಕುಪ್ಪುಸ್ವಾಮಿಗೆ ಆ ದಿನ ಅನ್ನ ಸೇರಲಿಲ್ಲ. ಗಣಿಗೆ ಸೇರುವ ಮುಂಚೆ, ಹದಿಹರೆಯದಲ್ಲಿ, ಅವನು ಒಂದು ಎಣ್ಣೆ ಮಿಲ್ಲಿನಲ್ಲಿದ್ದ. ತಿರುಗುವ ಚಕ್ರ ಒಬ್ಬ ಮನುಷ್ಯನನ್ನು ಏನು ಮಾಡುತ್ತದೆಂದು ಅಲ್ಲಿ ಕಂಡಿದ್ದ. ಅದನ್ನು ಅವನು ಮಾರಿಯಮ್ಮನಿಗೂ ಹೇಳಿದವನಲ್ಲ.

ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರಾಗಿ ಅವನ ಕೊನೆಯ ವರ್ಷ ಅದು. ಫೋರ್ಮನ್ನನ ಅಪ್ಪಣೆ ಕೇಳಿ, ಮೂಲೆಯಲ್ಲಿ ಬಿದ್ದಿದ್ದ ದಪ್ಪ ತಗಡು ಆರಿಸಿ, ಕೆಲಸ ಮುಗಿದ ಮೇಲೆ ದಿನವೂ ನಿಂತು ಶಾಫ್ಟಿಗೆ ಗಾರ್ಡು, ಎಂದರೆ ಕಾಪಿನ ಮುಚ್ಚಳ, ಮಾಡಿದ. ಆನೆ ತುಳಿದರೂ ಬಗ್ಗಬಾರದು ಎಂಬಂತೆ ಮಾಡಿದ. ಎರಡು ಮಗ್ಗುಲಿಗೂ ನಾಲ್ಕು ನಾಲ್ಕು ಬೋಲ್ಟು, ಕೆಳಗೆ ನೆಲಕ್ಕೆ ಹೂಳಲು ಮರದ ತೊಲೆ, ಮೇಲೆ ಗಣಿಯ ಹಸಿರು ಬಣ್ಣ. ಬಸ್ಸಿನ ಟಾಪಿನ ಮೇಲೆ ಹಾಕಿಸಿಕೊಂಡು ಬಂದು ಇಳಿಸಿದಾಗ ಮಾರಿಯಮ್ಮ ಅದಕ್ಕೆ ಅರಿಶಿನ ಕುಂಕುಮ ಇಟ್ಟಳು. "ತವ್ರಿನೋರು ಸೀರೆ ತತ್ತಾರೆ, ನಮ್ ಮುನಿಶಾಮಿಗೆ ತಗಡು ತಂದವ್ರೆ," ಎಂದು ಊರಿನ ಹೆಂಗಸರು ಆಡಿಕೊಂಡರು. ಮುನಿಶಾಮಮ್ಮ ಮಾತ್ರ ಆ ತಗಡಿನ ಮೇಲೆ ಕೈಯಾಡಿಸಿ, ಕಣ್ಣಿಗೆ ಒತ್ತಿಕೊಂಡಿದ್ದಳು.

ಆಮೇಲೆ ಅವನು ಬಂದಾಗಲೆಲ್ಲ ಮುಚ್ಚಳ ಶಾಫ್ಟಿನ ಮೇಲಿರುತ್ತಿತ್ತು. ಒಂದು ಗೀರಿಲ್ಲ, ಒಂದು ಜಿಡ್ಡಿನ ಕಲೆಯಿಲ್ಲ. "ಬಲೇ ಚೆನ್ನಾಗೈತೆ ಮೇಸ್ತ್ರಿ, ಏನೂ ಯೋಳಂಗಿಲ್ಲ," ಎಂದು ದೊಡ್ಡವೆಂಕಟಪ್ಪ ಹೊಗಳುತ್ತಿದ್ದ. ಎಷ್ಟು ಜೋಪಾನ ಮಾಡುತ್ತಾರೆ ಎಂದು ಕುಪ್ಪುಸ್ವಾಮಿ ಲೈನಿನಲ್ಲೆಲ್ಲ ಹೇಳಿಕೊಂಡು ಬಂದಿದ್ದ. ಬರುವ ಮುಂಚೆ ಯಾವಾಗಲೂ ಒಂದು ಕಾರ್ಡು ಹಾಕುತ್ತಿದ್ದ. ಈ ಸಲ ಹಾಕಿರಲಿಲ್ಲ.

ಮಧ್ಯಾಹ್ನ ಮುದ್ದೆಯೂ ಅವರೆಕಾಳಿನ ಸಾರೂ ಬಡಿಸಿದಾಗ ಅವನು ತಲೆ ಎತ್ತದೆ ಉಂಡ. ಹೊಲದಿಂದ ಬಂದ ದೊಡ್ಡವೆಂಕಟಪ್ಪನಿಗೆ ಹೆಂಡತಿ ಕಣ್ಣಿನಲ್ಲೇ ವಿಷಯ ತಿಳಿಸಿದ್ದಳು. ಅವನು ಮಳೆಯ ಮಾತು ತೆಗೆದ, ಹೊಸ ಬಸ್ಸಿನ ಮಾತು ತೆಗೆದ. ಯಾವುದೂ ಮುಂದಕ್ಕೆ ಹೋಗಲಿಲ್ಲ.

ಕೈ ತೊಳೆದು ಬಂದ ಮೇಲೆ ಕುಪ್ಪುಸ್ವಾಮಿ ಹೇಳಿದ. "ರಿಟೈರ್ ಆಗೋಯ್ತು ಗೌಡ್ರೇ. ಬರೋ ತಿಂಗಳು ಲೈನ್ ಮನೆ ಖಾಲಿ ಮಾಡ್ಬೇಕು. ಮಗಳ ಹತ್ರ ಗುಡಿಯಾತ್ತಂಗೆ ಹೋಗ್ತೀವಿ. ಹೇಳಿ ಹೋಗಾನ ಅಂತ ಬಂದೆ. ನಾಲ್ಕು ಗಂಟೆ ಬಸ್ಸಿಗೆ ಹೊರಡ್ತೀನಿ."

ಮುನಿಶಾಮಮ್ಮ ಎಲೆ ಎತ್ತುತ್ತಿದ್ದವಳು ಹಾಗೇ ಕೂತುಬಿಟ್ಟಳು. "ನಾಕ್ ಗಂಟೆಗಾ? ಅಷ್ಟೇಯಾ?" ಎಂದಳು. ಅವಳ ಮುಖದಲ್ಲಿ ಬೆಳಗಿನ ನಗುವಿನ ಗುರುತೂ ಇರಲಿಲ್ಲ.

ಜಗಲಿಯ ಮೇಲೆ ಕೂತಿದ್ದ ಸೊಣ್ಣಪ್ಪ ಬಾಯಿಬಿಟ್ಟ. ಮುಚ್ಚಿಟ್ಟು ಮಾತಾಡುವುದು ಅವನಿಗೆ ಬಾರದು.

"ಫಿಟ್ಟರಣ್ಣ, ಬ್ಯಾಜಾರ್ ಮಾಡ್ಕಬ್ಯಾಡಿ. ಬೆಳಿಗ್ಗೆ ಒಲದಿಂದ ಕಬ್ಬು ತರಾಕೆ ಟ್ರಾಕ್ಟ್ರು ಬೇಕು. ತಂದ್ಮ್ಯಾಕೆ ಗಾಣಕ್ಕೆ ಬೇಕು. ಮದ್ದಾನ ಮತ್ತೆ ಒಲಕ್ಕೆ ಓಗ್ಬೇಕು. ಓದಾಗೆಲ್ಲ ಎಂಟು ಬೋಲ್ಟು ಬಿಚ್ಚು, ಬಂದಾಗೆಲ್ಲ ಎಂಟು ಬೋಲ್ಟು ಬಿಗಿ. ನಡುವ್ನಾಗೆ ಕೀಲಿಗೆ ಗ್ರೀಸ್ ಬೇರೆ. ಅಷ್ಟೊತ್ತಿಗೆ ತೊಟ್ಟಿನಾಗಿರೋ ಕಬ್ಬಿನಾಲು ಉಳಿ ಬಂದ್ಬಿಡ್ತದೆ. ನೀವ್ ಬತ್ತೀರಿ ಅಂತ ಕಾರ್ಡು ಬಂದ್ರೆ ಅತ್ಗೆ ಒಂದಿನ ಮುಂಚೇನೇ ಒರೆಸಿ ಆಕಿಸ್ತಾಳೆ. ನೀವ್ ಓದೇಟ್ಗೆ ನಾನು ತೆಗ್ದು ಇಡ್ತೀನಿ. ಇದ್ದದ್ದು ಇದು."

"ಸುಮ್ಕಿರ್ಲಾ," ಅಂದ ದೊಡ್ಡವೆಂಕಟಪ್ಪ.

"ಎಂಟು ಬೋಲ್ಟು ಬಿಚ್ಚೋದು ಒಂದು ಕೆಲಸನಾಪ್ಪಾ?" ಅಂದ ಕುಪ್ಪುಸ್ವಾಮಿ. ಅವನ ದನಿ ಸಣ್ಣಗಿತ್ತು. "ಬೀಡಿ ಸೇದಿ ಮುಗಿಸೋದ್ರೊಳಗೆ ಬಿಚ್ಚಿ ಹಾಕ್ತೀನಿ ನಾನು."

"ಅಂಗಾರೆ ನಾಳೆ ಒಂದಿನ ನೀವೇ ಮಾಡಿ ತೋರ್ಸಿ. ನೋಡಿ ಕಲ್ತ್ಕಂತೀನಿ."

ಸೊಣ್ಣಪ್ಪ ಅದನ್ನು ಕುಹಕಕ್ಕೆ ಹೇಳಿರಲಿಲ್ಲ. ಆದರೂ ಮಾತು ನಾಟಿತು. ಕುಪ್ಪುಸ್ವಾಮಿ ಹೆಗಲ ಮೇಲಿನ ಟವೆಲನ್ನು ತೆಗೆದು ಗೋಡೆಯ ಗೂಟಕ್ಕೆ ನೇತುಹಾಕಿದ. ನಾಲ್ಕು ಗಂಟೆಯ ಬಸ್ಸು ಅವನಿಲ್ಲದೆ ಹೋಯಿತು.

ಬೆಳಗಾಗುವ ಹೊತ್ತಿಗೆ ಮರಿಗಳೆಲ್ಲ ಚಿಪ್ಪೊಡೆದು ಹೊರಬಂದಿದ್ದವು. ಮುನಿಶಾಮಮ್ಮ ತಾಯಿಯನ್ನೂ ಮರಿಗಳನ್ನೂ ಒಂದು ಬಿದಿರಿನ ಮಕ್ಕರಿಗೆ ಸಾಗಿಸಿ, ಮುಚ್ಚಳವನ್ನು ತಾನೇ ಉಜ್ಜಿ ತೊಳೆದುಕೊಟ್ಟಳು. ಕುಪ್ಪುಸ್ವಾಮಿ ಪಂಚೆ ಎತ್ತಿಕಟ್ಟಿ, ಸ್ಪ್ಯಾನರು ಹಿಡಿದು ಆಲೆಮನೆಗೆ ಹೋದ.

ವರ್ಕ್‌ಶಾಪಿನಲ್ಲಿ ಆ ಮುಚ್ಚಳ ಎದೆಮಟ್ಟದ ಬೆಂಚಿನ ಮೇಲಿತ್ತು. ಅದರ ಸುತ್ತ ಅವನು ನಿಂತು ಓಡಾಡಿಕೊಂಡು ಬೋಲ್ಟು ಬಿಗಿದಿದ್ದ. ಇಲ್ಲಿ ಬೋಲ್ಟುಗಳೆಲ್ಲ ನೆಲದಿಂದ ಒಂದು ಗೇಣು ಮೇಲಿದ್ದವು. ನೆಲವೆಂದರೆ ಕಬ್ಬಿನ ಹಾಲು ಚೆಲ್ಲಿ, ಸಿಪ್ಪೆ ಬೆರೆತು, ಕಾಲಿಟ್ಟರೆ ಹಿಡಿದೆಳೆಯುವ ಕೆಸರು. ಅವನು ಮೊದಲು ಕುಕ್ಕರಗಾಲಲ್ಲಿ ಕೂತ. ಆಮೇಲೆ ಮೊಣಕಾಲೂರಿದ. ಕೊನೆಗೆ ಗೋಣಿ ಹಾಸಿ ಮಗ್ಗುಲಾಗಿ ಮಲಗಿದ. ಟ್ರಾಕ್ಟರಿನ ಕಡೆಯ ಬೋಲ್ಟುಗಳ ಹತ್ತಿರ ಸ್ಪ್ಯಾನರು ಅರ್ಧ ಸುತ್ತೂ ತಿರುಗುತ್ತಿರಲಿಲ್ಲ. ಒಂದಿಷ್ಟು ತಿರುಗಿಸು, ತೆಗೆ, ಮತ್ತೆ ಹಾಕು, ಮತ್ತೊಂದಿಷ್ಟು ತಿರುಗಿಸು. ಜೇನುನೊಣಗಳು ಸಿಹಿಗೆ ಮುತ್ತಿಕೊಂಡು ಕಿವಿಯ ಹತ್ತಿರವೇ ಗುಂಯ್ಗುಡುತ್ತಿದ್ದವು. ಎಂಟನೆಯದು ಬಿಗಿದು ಎದ್ದಾಗ ಅವನ ಬೆನ್ನು ನೆಟ್ಟಗಾಗಲಿಲ್ಲ. ಸೊಣ್ಣಪ್ಪ ಎಂಜಿನ್ ಶುರು ಮಾಡಿದ. ಕಬ್ಬು ಗಾಣದ ಬಾಯಿಗೆ ಹೋಗಿ ಹಾಲು ಸುರಿಯತೊಡಗಿತು.

ಬಿಸಿಲು ನೆತ್ತಿಗೆ ಬರುವ ಮುಂಚೆ ಶಾಫ್ಟಿನ ಕೀಲು ಕಿರುಗುಟ್ಟತೊಡಗಿತು. ಗ್ರೀಸು ಬೇಕು. ಎಂಟು ಬೋಲ್ಟು ಬಿಚ್ಚಿದ. ಒಂದು ನಟ್ಟು ಸಿಪ್ಪೆಯಲ್ಲಿ ಬಿದ್ದು ಮಾಯವಾಯಿತು. ಅವನೂ ಸೊಣ್ಣಪ್ಪನೂ ಇಬ್ಬರು ಹೆಣ್ಣಾಳುಗಳೂ ಸಿಪ್ಪೆ ಕೆದಕಿ ಹುಡುಕುವಾಗ ಒಲೆಯ ಕಡೆಯಿಂದ ಮುನಿಶಾಮಮ್ಮ ಕೂಗಿದಳು. ಕೊಪ್ಪರಿಗೆಗೆ ಹಾಲು ಸಾಲದೆ ಪಾಕ ತಳ ಹಿಡಿಯುತ್ತಿದೆಯಂತೆ. ದೊಡ್ಡವೆಂಕಟಪ್ಪ ಓಡಿಬಂದು, ಕೆಸರಿನಲ್ಲಿ ಮಲಗಿದ್ದ ಮೇಸ್ತ್ರಿಯನ್ನು ಕಂಡು ವಾಪಸು ಹೋದ.

ಕೊನೆಗೆ ನಟ್ಟು ಸಿಕ್ಕಿ ಎಂಟನ್ನೂ ಬಿಗಿದದ್ದಾಯಿತು. ಊಟವಾದ ಮೇಲೆ ಟ್ರಾಕ್ಟರು ಕಬ್ಬು ತರಲು ಹೋಯಿತು. ಅದಕ್ಕಾಗಿ ಮತ್ತೆ ಬಿಚ್ಚಿದ್ದಾಯಿತು. ಅದು ತಿರುಗಿ ಬಂದು, ಸೊಣ್ಣಪ್ಪ ಶಾಫ್ಟು ಸೇರಿಸಿದಾಗ ಕುಪ್ಪುಸ್ವಾಮಿ ಮುಚ್ಚಳದ ಪಕ್ಕದಲ್ಲಿ ಸ್ಪ್ಯಾನರು ಹಿಡಿದು ನಿಂತಿದ್ದ. ಬೆರಳಿನ ಸಂದಿಯ ಚರ್ಮ ಎದ್ದಿತ್ತು. ಮೊಣಕಾಲು ತನ್ನದಲ್ಲವೆಂಬಂತಿತ್ತು. ತೊಟ್ಟಿ ಬರಿದಾಗಿತ್ತು, ಒಲೆ ಉರಿಯುತ್ತಿತ್ತು, ಎಲ್ಲರೂ ಅವನ ಕೈಯನ್ನೇ ನೋಡುತ್ತಿದ್ದರು. ಇನ್ನೇನು ಸಂಜೆ ಆಯಿತು, ಉಳಿದಿರುವುದು ಒಂದು ಗಾಡಿ ಕಬ್ಬು. ತಾನು ಇಲ್ಲೇ ನಿಂತಿರುತ್ತೇನಲ್ಲ, ನೋಡಿಕೊಂಡರಾಯಿತು.

"ಶುರು ಮಾಡಪ್ಪಾ," ಅಂದ. ಮುಚ್ಚಳ ನೆಲದ ಮೇಲೇ ಉಳಿಯಿತು.

ಸ್ವಲ್ಪ ಹೊತ್ತು ಅವನು ಶಾಫ್ಟಿನ ಪಕ್ಕ ಕಾವಲು ನಿಂತ. ಆಮೇಲೆ ಗಾಣದ ಮಗ್ಗುಲಲ್ಲಿ ಒಂದು ಬೋಲ್ಟು ಸಡಿಲವಾಗಿ ಕುಣಿಯುವುದು ಕಣ್ಣಿಗೆ ಬಿತ್ತು. ಅದನ್ನು ನೋಡಲು ಹೋದ. ತಿರುಗಿ ನೋಡಿದಾಗ ಒಲೆಯ ಹೊಗೆಯೊಳಗಿನಿಂದ ಮುನಿಶಾಮಮ್ಮ ಬರುತ್ತಿದ್ದಳು. ಒಂದು ಕಬ್ಬಿನ ತುಂಡಿಗೆ ಬಿಸಿ ಪಾಕ ಸುತ್ತಿ, ಅದು ಜಾರದಂತೆ ತಿರುಗಿಸಿಕೊಂಡು, ಕಣ್ಣೆಲ್ಲ ಅದರ ಮೇಲಿಟ್ಟು ನೇರ ಅವನ ಕಡೆಗೇ ಬರುತ್ತಿದ್ದಳು. ಹೊಗೆಗೆ ಕಣ್ಣು ಕಿರಿದು ಮಾಡಿದ್ದಳು. ಶಾಫ್ಟಿಗೆ ಇನ್ನೊಂದು ಹೆಜ್ಜೆಯಿತ್ತು. ಸೊಂಟದಿಂದ ಬಿಚ್ಚಿಹೋಗಿದ್ದ ಸೆರಗು ಮುಂದಕ್ಕೆ ಜೋಲುತ್ತಿತ್ತು.

"ನಿಲ್ಲು ತಂಗಚ್ಚೀ, ನಿಲ್ಲು" ಎಂದು ಕಿರುಚಿದ ದನಿ ತನ್ನದೇ ಎಂದು ಅವನಿಗೆ ಅನ್ನಿಸಲಿಲ್ಲ. ಸೊಣ್ಣಪ್ಪ ಕ್ಲಚ್ಚು ತುಳಿದ. ಶಾಫ್ಟು ಬುಸುಗುಡುತ್ತ ನಿಧಾನವಾಗಿ, ಅದರ ಮೈಮೇಲಿನ ಒಂದೊಂದು ಕಲೆಯೂ ಕಾಣುವಷ್ಟು ನಿಧಾನವಾಗಿ ತಿರುಗಿ ನಿಂತಿತು. ಮುನಿಶಾಮಮ್ಮ ಎತ್ತಿದ ಕಾಲನ್ನು ಹಿಂದಕ್ಕಿಟ್ಟಳು. ಕೆಳಗೆ ನೋಡಿದಳು. ಪಕ್ಕದಲ್ಲಿ ಬಿದ್ದಿದ್ದ ಮುಚ್ಚಳವನ್ನು ನೋಡಿದಳು.

"ಯಾರಣ್ಣ ಇದ್ನ ತೆಗ್ದಿಟ್ಟಿದ್ದು?"

"ನಾನೇಮ್ಮಾ," ಅಂದ ಕುಪ್ಪುಸ್ವಾಮಿ.

ಸೊಣ್ಣಪ್ಪ ಬೇರೆ ಕಡೆ ನೋಡಿದ. ಮುನಿಶಾಮಮ್ಮ ಸೆರಗನ್ನು ಎಳೆದು ಸೊಂಟಕ್ಕೆ ಸಿಕ್ಕಿಸಿ, ಶಾಫ್ಟನ್ನು ಬಳಸಿಕೊಂಡು ಟ್ರಾಕ್ಟರಿನ ಮುಂದಿನಿಂದ ಸುತ್ತಿ ಬಂದು, ಪಾಕದ ತುಂಡನ್ನು ಅವನ ಕೈಗಿಟ್ಟಳು.

"ತಿನ್ನಣ್ಣ, ಆರೋಗ್ತದೆ."

ಅವನು ತಿಂದ. ಮುಚ್ಚಳ ಮಾಡುವಾಗ ಅವನು ಶಾಫ್ಟಿನ ಅಳತೆ ತೆಗೆದುಕೊಂಡಿದ್ದ, ಗಾಣದ ಅಳತೆ ತೆಗೆದುಕೊಂಡಿದ್ದ. ಸೊಣ್ಣಪ್ಪನ ಬೆನ್ನಿನ ಅಳತೆ ತೆಗೆದುಕೊಂಡಿರಲಿಲ್ಲ. ಉಳಿದ ಕಬ್ಬನ್ನು ಅಂದು ಯಾರೂ ಅರೆಯಲಿಲ್ಲ. ದೊಡ್ಡವೆಂಕಟಪ್ಪನೇ ಬೇಡವೆಂದ.

ಆ ಸಂಜೆ ಕುಪ್ಪುಸ್ವಾಮಿ ಹಿತ್ತಿಲ ಕಟ್ಟೆಯ ಮೇಲೆ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡು ಕೂತಿದ್ದ. ಮುನಿಶಾಮಮ್ಮ ಹಾಲು ಕರೆದು ಎದ್ದಳು. ಒಂದು ಕೈಯಲ್ಲಿ ನೊರೆ ತುಂಬಿದ ಚೊಂಬು, ಇನ್ನೊಂದು ಕೈಯಲ್ಲಿ ಎಳೆದಾಡುವ ಕರುವಿನ ಹಗ್ಗ. ಕೊಟ್ಟಿಗೆಯ ತಟ್ಟಿಬಾಗಿಲು ಮುಚ್ಚಿತ್ತು. ಅವಳು ನಿಲ್ಲಲೇ ಇಲ್ಲ. ಹಗ್ಗ ಹಿಡಿದ ಕೈಯ ಮಣಿಕಟ್ಟಿನಿಂದಲೇ ಚಿಲಕದ ನಾಲಿಗೆಯನ್ನು ಮೇಲಕ್ಕೆ ಒಂದು ಸಲ ಹೊರಳಿಸಿ, ಸೊಂಟದಿಂದ ಬಾಗಿಲು ತಳ್ಳಿ, ಹೊರಬಂದು, ಹಿಮ್ಮಡಿಯಿಂದ ಹಿಂದಕ್ಕೆ ಒದ್ದಳು. ಚಿಲಕ ತಾನಾಗಿ ಬಿದ್ದುಕೊಂಡಿತು.

"ಏಯ್ ತಂಗಚ್ಚಿ," ಅಂದ ಕುಪ್ಪುಸ್ವಾಮಿ. "ಈಗ ಮಾಡಿದ್ಯಲ್ಲ, ಇನ್ನೊಂದ್ಸಲ ಮಾಡು."

"ಏನ್ ಮಾಡ್ದೆ?"

"ಆ ಬಾಗಿಲು."

ಅವಳಿಗೆ ಏನೂ ತಿಳಿಯಲಿಲ್ಲ. ಆದರೂ ಮಾಡಿದಳು. ಅವನು ಎದ್ದು ಹೋಗಿ ಚಿಲಕವನ್ನು ತಾನೇ ಎತ್ತಿ ನೋಡಿದ, ಬಿಟ್ಟು ನೋಡಿದ. ಯಾವ ಕಾಲದ್ದೋ ಒರಟು ಕಬ್ಬಿಣ. ಮತ್ತೆ ಅವಳ ಕೈಯನ್ನು ನೋಡಿದ. ಆಮೇಲೆ ಅಡುಗೆಮನೆಯಲ್ಲಿ ಕೂತು ಅವಳು ಹಿಟ್ಟಿನ ಡಬ್ಬ ತೆಗೆಯುವುದನ್ನೂ, ಟ್ರಂಕು ತೆಗೆದು ಅವನಿಗೆ ಹೊದಿಕೆ ಕೊಡುವುದನ್ನೂ ನೋಡಿದ. ಅಣ್ಣನಿಗೆ ಬಿಸಿಲು ಹೊಡೆದಿದೆಯೆಂದು ಮುನಿಶಾಮಮ್ಮ ಅವನಿಗೊಂದು ಲೋಟ ಮಜ್ಜಿಗೆ ಕೊಟ್ಟಳು.

ಮಾರನೆಯ ದಿನ ಮುಚ್ಚಳವನ್ನು ಗಾಡಿಯಲ್ಲಿ ಹೇರಿಕೊಂಡು ಕಮ್ಮಾರ ಮುನಿನಾರಾಯಣಪ್ಪನ ಕುಲುಮೆಗೆ ಹೋದರು. ನಡುವೆ ಎಲ್ಲಿ ಕತ್ತರಿಸಬೇಕೆಂದು ಕುಪ್ಪುಸ್ವಾಮಿ ಸೀಮೆಸುಣ್ಣದಲ್ಲಿ ಗೆರೆ ಎಳೆದಾಗ ದೊಡ್ಡವೆಂಕಟಪ್ಪ ಅಡ್ಡ ಬಂದ.

"ಬ್ಯಾಡ ಮೇಸ್ತ್ರಿ. ಇಷ್ಟ್ ಚೆನ್ನಾಗಿ ಮಾಡಿರೋದ್ನ ಕುಯ್ಯಾದೇನು? ಇನ್ಮ್ಯಾಕೆ ನಾನೇ ನಿಂತು ಆಕಿಸ್ತೀನಿ. ಆಣೆ ಮಾಡ್ತೀನಿ ಬೇಕಾದ್ರೆ."

"ನೀವು ಆಣೆ ಮಾಡ್ಬೇಡಿ ಗೌಡ್ರೇ. ನಾನು ಆಣೆ ಇಟ್ಟಿದ್ರೂ ನಿನ್ನೆ ತೆಗ್ದಿಡ್ತಿದ್ದೆ."

ಹೇಳಿ ಉಳಿಯನ್ನು ಗೆರೆಯ ಮೇಲಿಟ್ಟ. ಮುನಿನಾರಾಯಣಪ್ಪ ಸುತ್ತಿಗೆ ಎತ್ತಿದ. ಗಣಿಯಲ್ಲಿ ಕುಪ್ಪುಸ್ವಾಮಿ ಮಾಡಿದ ಕೊನೆಯ ದೊಡ್ಡ ಕೆಲಸ ಅದು. ಮೊದಲ ಪೆಟ್ಟಿಗೆ ಹಸಿರು ಬಣ್ಣ ಹಕ್ಕಳೆಯಾಗಿ ಎದ್ದು ಬಿತ್ತು. ಅವನು ಕಣ್ಣು ತೆಗೆಯದೆ ನೋಡಿದ.

ಕೆಳಗಿನ ಅರ್ಧ ತೊಲೆಗೆ ಭದ್ರವಾಗಿ ಕೂತಿತು. ಅದನ್ನು ಯಾರೂ ಬಿಚ್ಚಬೇಕಾಗಿರಲಿಲ್ಲ. ಮೇಲಿನ ಅರ್ಧಕ್ಕೆ ದಪ್ಪ ತಗಡು ತೆಗೆದು ತೆಳುವಾದದ್ದು ಹಾಕಿ, ಒಂದು ಮಗ್ಗುಲಿಗೆ ಟ್ರಂಕಿನಂತೆ ಕೀಲು ಕೂರಿಸಿದರು. ಇನ್ನೊಂದು ಮಗ್ಗುಲಿಗೆ ಕೊಟ್ಟಿಗೆಯ ಚಿಲಕವನ್ನು ನೋಡಿಕೊಂಡೇ ಒಂದು ಚಿಲಕ ಬಡಿದರು. ತೆರೆದಿಟ್ಟರೆ ಶಾಫ್ಟು ಮೇಲಿನಿಂದಲೇ ಎತ್ತಿ ಇಡಬಹುದು, ಗ್ರೀಸು ನಿಂತುಕೊಂಡೇ ಹಾಕಬಹುದು. ಆಲೆಮನೆಯಲ್ಲಿ ಕೂರಿಸಿದ ಮೇಲೆ ಕುಪ್ಪುಸ್ವಾಮಿ ಮುನಿಶಾಮಮ್ಮನನ್ನು ಕರೆದ. ಸೊಂಟದ ಮೇಲೆ ತುಂಬಿದ ಕೊಡ ಇಟ್ಟುಕೊಂಡು ಬಾ ಅಂದ.

"ಕೊಡ ಯಾಕಣ್ಣ?"

"ಕೈ ಖಾಲಿ ಇರೋ ಟೈಮು ನಿಂಗೆ ಯಾವತ್ತಾದ್ರೂ ಇದ್ಯಾಮ್ಮಾ?"

ಅವಳು ಕೊಡ ಇಟ್ಟುಕೊಂಡು ಬಂದು ಚಿಲಕಕ್ಕೆ ಕೈ ಹಾಕಿದಳು. ಬರಲಿಲ್ಲ. ಬಿಗಿಯಾಗಿತ್ತು. ಅವನು ಅರದಿಂದ ನಾಲಿಗೆ ಉಜ್ಜಿದ. ಮತ್ತೆ ನೋಡಿದಳು, ಮತ್ತೆ ಉಜ್ಜಿದ. ಮೂರನೆಯ ಸಲ ಚಿಲಕ ಟಕ್ಕೆಂದು ಹೊರಳಿತು, ಮುಚ್ಚಳ ತೆರೆದುಕೊಂಡಿತು. ಕೊಡದ ನೀರು ತುಳುಕಲಿಲ್ಲ. ಅವಳು ಮುಚ್ಚಿದಳು. ಆಮೇಲೆ ಸೊಣ್ಣಪ್ಪ ಬಂದು ತೆರೆದ, ಮುಚ್ಚಿದ. ಬೇಕಿಲ್ಲದಿದ್ದರೂ ಇನ್ನೆರಡು ಸಲ ತೆರೆದು ಮುಚ್ಚಿದ.

ಅಂದು ನಾಲ್ಕು ಗಂಟೆಯ ಬಸ್ಸಿಗೆ ಕುಪ್ಪುಸ್ವಾಮಿ ಹೊರಟ.

ಲೈನಿನ ಮನೆ ಖಾಲಿ ಮಾಡುವುದರಲ್ಲಿ ತಿಂಗಳು ಹೋಯಿತು. ಹೊರಡುವ ದಿನ ಅವನೂ ಮಾರಿಯಮ್ಮನೂ ಸಾಮಾನು ಹೊತ್ತು ಗಣಿಯ ರೈಲಿನಲ್ಲಿ ಬಂಗಾರಪೇಟೆಗೆ ಬಂದು, ಜೋಲಾರಪೇಟೆ ಕಡೆಯ ಗಾಡಿಗೆ ಕಾದು ಕೂತರು. ಮುನಿಶಾಮಮ್ಮ, ದೊಡ್ಡವೆಂಕಟಪ್ಪ, ಸೊಣ್ಣಪ್ಪ ಮೂವರೂ ಬಂದಿದ್ದರು. ಒಂದು ಬುಟ್ಟಿ ಬೆಲ್ಲ, ಒಂದು ಚೀಲ ಅವರೆಕಾಯಿ. ಹೆಂಗಸರಿಬ್ಬರೂ ಟ್ರಂಕಿನ ಮೇಲೆ ಕೂತು, ಒಬ್ಬಳು ತಮಿಳಿನಲ್ಲಿ ಒಬ್ಬಳು ಕನ್ನಡದಲ್ಲಿ, ಅಳುತ್ತಲೂ ಬುದ್ಧಿ ಹೇಳುತ್ತಲೂ ಇದ್ದರು.

ಕುಪ್ಪುಸ್ವಾಮಿ ಮುಚ್ಚಳದ ಬಗ್ಗೆ ಒಂದನ್ನೇ ಕೇಳಬೇಕೆಂದಿದ್ದ. ಕೇಳಲಿಲ್ಲ. ಕೇಳಿದರೆ ಬಲೇ ಚೆನ್ನಾಗಿದೆ ಎನ್ನುತ್ತಾರೆ. ಮೊದಲೂ ಹಾಗೇ ಅಂದಿದ್ದರು.

ಗಾಡಿ ಬರುವ ಗಂಟೆ ಹೊಡೆದಾಗ ಸೊಣ್ಣಪ್ಪ ಹತ್ತಿರ ಬಂದು ತಲೆ ಕೆರೆದುಕೊಂಡ. "ಫಿಟ್ಟರಣ್ಣ, ಓಗೋ ಓತ್ನಾಗೆ ಇದೊಂದ್ ಯೋಳ್ಬಿಡ್ತೀನಿ. ಆ ಚಿಲಕ ಸರಿಯಿಲ್ಲ. ತೆಗ್ದೂ ತೆಗ್ದೂ ಸವೆದು ಲೊಡಲೊಡ ಅಂತೈತೆ. ಎಂಜಿನ್ ಜೋರು ಮಾಡಿದ್ರೆ ತಾನಾಗೇ ಎದ್ದ್‌ಬಿಡ್ತದೆ."

"ಮುಚ್ಚಳದ ಕೀಲೂ ಅಷ್ಟೇ," ಅಂದ ದೊಡ್ಡವೆಂಕಟಪ್ಪ. "ದಿನಾ ಬೆಳಗಾಗೆದ್ರೆ ಕುಯ್ಯೋ ಅಂತದೆ. ಮೂರೂರಿಗೆ ಕೇಳ್ತದೆ. ಅಲ್ಲ ಮೇಸ್ತ್ರಿ, ಅಷ್ಟ್ ವರ್ಸ ಗಣಿನಾಗಿದ್ದು ಇಂಗಾ ಮಾಡಾದು?"

ಕುಪ್ಪುಸ್ವಾಮಿ ಒಬ್ಬರ ಮುಖ ಬಿಟ್ಟು ಒಬ್ಬರ ಮುಖ ನೋಡಿದ. ಅವನ ಮುಖ ಅರಳಿ, ಕಣ್ಣು ತುಂಬಿಬಂತು. "ಸವೆದೋಯ್ತಾ?" ಅಂದ. "ಒಂದೇ ತಿಂಗಳಿಗೆ ಸವೆದೋಯ್ತಾ?"

ಗಾಡಿ ಬಂತು. ಸಾಮಾನು ಒಳಗೆ ಹೋಯಿತು, ಮಾರಿಯಮ್ಮ ಒಳಗೆ ಹೋದಳು. ಅವನು ಮಾತ್ರ ಬಾಗಿಲಲ್ಲೇ ನಿಂತು, ನಾಲಿಗೆಯ ಕೆಳಗೆ ಒಂದು ವಾಷರು ಹಾಕಬೇಕು, ಕೀಲಿಗೆ ಹರಳೆಣ್ಣೆ ಬಿಡಬೇಕು ಎಂದು ಸೊಣ್ಣಪ್ಪನಿಗೆ ಹೇಳುತ್ತಿದ್ದ. "ಉಳ್ಳೆ ವಾಂಗ," ಎಂದು ಮಾರಿಯಮ್ಮ ಅವನ ಅಂಗಿ ಹಿಡಿದು ಒಳಗೆಳೆದಳು. ಅವನು ಕಿಟಕಿಗೆ ಬಂದು ಮತ್ತೆ ಶುರು ಮಾಡಿದ. ಚಿಲಕ ತಾನಾಗಿ ಏಳಬಾರದೆಂದರೆ ಹಾಕುವಾಗ ನಾಲಿಗೆಯನ್ನು ಕೊನೆಯಲ್ಲಿ ಒಂದಿಷ್ಟು ಒಳಕ್ಕೆ ಹೊರಳಿಸಬೇಕು.

"ಎಂಗಣ್ಣ?" ಅಂದಳು ಮುನಿಶಾಮಮ್ಮ. ಗಾಡಿ ಆಗಲೇ ಜರುಗುತ್ತಿತ್ತು. ಅವಳು ಕಿಟಕಿಯ ಜೊತೆಜೊತೆಗೆ ನಡೆಯುತ್ತಿದ್ದಳು.

ಅವನು ಕೈ ಹೊರಗೆ ಹಾಕಿ ಮಣಿಕಟ್ಟು ತಿರುಗಿಸಿ ತೋರಿಸಿದ. ಅವಳು ಕೈಯೆತ್ತಿ ಹಾಗೇ ಮಾಡಿದಳು. "ಇಂಗಾ?"

"ಇಲ್ಲ, ಒಳಗೆ, ಇನ್ನೂ ಒಳಗೆ."

ಗಾಡಿಯ ಸದ್ದಿನಲ್ಲಿ ಮುಂದಿನ ಮಾತು ಕೇಳಲಿಲ್ಲ. ಪ್ಲಾಟ್‌ಫಾರಂ ಮುಗಿಯುವಲ್ಲಿ ಅವಳು ನಿಂತಳು. ಅವನು ಕಿಟಕಿಯಿಂದ ಕೈ ತಿರುಗಿಸುತ್ತಲೇ ಇದ್ದ, ಅವಳೂ ಅಲ್ಲಿಂದ ಕೈ ತಿರುಗಿಸುತ್ತಲೇ ಇದ್ದಳು. ಅವನ ಎದುರಿಗೆ ಕೂತಿದ್ದ ಯಾರೋ ಒಬ್ಬ ಮುದುಕಿ ಸರಳುಗಳ ನಡುವಿನಿಂದ ಇಣುಕಿ, ತಾನೂ ಆ ಹೆಂಗಸಿಗೆ ಹೋಗಿಬರುತ್ತೇವೆಂದು ಕೈಯಾಡಿಸಿದಳು.